ಹಿತ್ತಲಿಗೆ ಬಕ್‌ವೀಟೋ, ರಾಗಿಯೋ, ರಾಜಗಿರಿಯೋ? ಘಟ್ಟದ ಮೇಲಿನವರಿಗೆ ಒಂದು ಲೆಕ್ಕ, ಕರಾವಳಿಯವರಿಗೆ ಇನ್ನೊಂದು

ಕಳೆದ ವರ್ಷ ದೀಪಾವಳಿ ಮುಗಿದ ವಾರ ಕುಮಟಾದಿಂದ ಅಕ್ಕ ಫೋನ್ ಮಾಡಿದಳು. ಮನೆ ಹಿಂದೆ ತೆಂಗಿನ ಸಾಲಿನ ಆಚೆ ಒಂದು ಗುಂಟೆ ಜಾಗ ಸುಮ್ನೆ ಬಿದ್ದಿದೆ, ಬಕ್‌ವೀಟ್ ಬಿತ್ತಲಾ ಅಂತ ಕೇಳಿದಳು. ಬೇಡ ಅಕ್ಕಾ ಅಂದೆ. ಎರಡು ದಿನ ಬಿಟ್ಟು ಇಲ್ಲಿ ಶಿರಸಿ ಹತ್ತಿರದ ನಮ್ಮೂರಲ್ಲಿ ಆಚೆಮನೆ ಅತ್ತಿಗೆ ಅದನ್ನೇ ಕೇಳಿದರು. ಈ ವಾರವೇ ಹಾಕಿ ಅತ್ತಿಗೆ, ತಡ ಮಾಡಬೇಡಿ ಅಂದೆ.

ಶಿರಸಿಗೂ ಕುಮಟಾಕ್ಕೂ ದೇವಿಮನೆ ಘಟ್ಟ ಇಳಿದರೆ ಸುಮಾರು 60 ಕಿಲೋಮೀಟರ್. ಅಷ್ಟು ದೂರಕ್ಕೇ ಉತ್ತರ ಬೇರೆ ಆಯಿತು. ಯಾಕೆ ಅಂತ ಇಬ್ಬರಿಗೂ ಫೋನಿನಲ್ಲಿ, ಅಂಗಳದಲ್ಲಿ ನಿಂತು ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಮೂರು ವರ್ಷದಿಂದ ಬಕ್‌ವೀಟ್, ರಾಗಿ, ರಾಜಗಿರಿ (ಕಾಳಿಗೆ ಬೆಳೆಯುವ ಹರಿವೆ), ಈ ಮೂರೂ ಬೆಳೆಗಳನ್ನು ಹಿತ್ತಲಲ್ಲಿ ಹಾಕಿ, ಒಕ್ಕಿ, ಬೀಸಿ, ಅಡುಗೆ ಮಾಡಿ ನೋಡಿದ್ದೇನೆ. ಒಂದೆರಡು ಸಲ ಪೂರ್ತಿ ಕಳೆದುಕೊಂಡಿದ್ದೂ ಇದೆ.

ಮೊದಲು ಹೆಸರಿನ ಗೊಂದಲ ಬಗೆಹರಿಯಲಿ

ಮೊಬೈಲಿನಲ್ಲಿ ಬಕ್‌ವೀಟ್ ಅಂತ ಹುಡುಕಿದರೆ ಕೆಲವು ಕಡೆ ಕನ್ನಡದಲ್ಲಿ ಹುರುಳಿ ಅಂತ ಬರೆದಿರುತ್ತದೆ. ಅದು ತಪ್ಪು. ಹುರುಳಿ ನಮಗೆಲ್ಲ ಗೊತ್ತಿರೋ ಬೇಳೆ ಜಾತಿಯ ಕಾಳು. ಸಾರು ಮಾಡ್ತೇವೆ, ಎಮ್ಮೆಗೂ ಬೇಯಿಸಿ ಹಾಕ್ತೇವೆ. ಬಕ್‌ವೀಟ್ ಬೇರೆಯೇ ಗಿಡ. ಹಿಂದಿಯಲ್ಲಿ ಕುಟ್ಟು ಅಂತಾರೆ, ಹಿಮಾಚಲದಲ್ಲಿ ಓಗಲಾ. ಹೆಸರಿನಲ್ಲಿ ವೀಟ್ ಇದ್ದರೂ ಗೋಧಿಗೂ ಅದಕ್ಕೂ ಸಂಬಂಧ ಇಲ್ಲ, ಅದು ಹುಲ್ಲಿನ ಜಾತಿಯೇ ಅಲ್ಲ. ಚುಕ್ಕೆ ಸೊಪ್ಪು, ಅಂದರೆ ಹುಳಿ ಸೊಪ್ಪು, ಯಾವ ಕುಟುಂಬವೋ ಇದೂ ಅದೇ ಕುಟುಂಬ. ಎಲೆ ಬಾಯಿಗೆ ಹಾಕಿದರೆ ಸಣ್ಣ ಹುಳಿ ಸಿಗುತ್ತದೆ, ಆಗ ನೆಂಟಸ್ತಿಕೆ ಗೊತ್ತಾಗುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ ಪೌಷ್ಟಿಕ ಧಾನ್ಯ ಅಂತ ಒಂದು ಪಟ್ಟಿ ಹೊರಡಿಸಿತು. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆಯ ಜೊತೆಗೆ ಅದರಲ್ಲಿ ಕುಟ್ಟು ಮತ್ತು ರಾಜಗಿರಿಯೂ ಸೇರಿದವು. ಅಂಗಡಿಯಲ್ಲಿ ಸಿರಿಧಾನ್ಯದ ಸಾಲಿನಲ್ಲೇ ಬಕ್‌ವೀಟ್ ಪ್ಯಾಕೆಟ್ ಕೂರೋದನ್ನು ನೀವೂ ನೋಡಿರಬಹುದು. ಅದನ್ನು ನೋಡಿ, ಇದು ಒಳ್ಳೆಯದಂತೆ, ಹಿತ್ತಲಲ್ಲಿ ಹಾಕೋಣ ಅಂತ ಹೊರಡುವವರು ಜಾಸ್ತಿ. ನಾನೂ ಹಾಗೇ ಹೊರಟವಳು.

ಬಿತ್ತುವ ಮೊದಲು ಸಿಪ್ಪೆಯ ಯೋಚನೆ ಮಾಡಿ

ಯಾರೇ ಕೇಳಿದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಮನೆಯಲ್ಲಿ ಬೀಸುಕಲ್ಲು ಇದೆಯಾ? ಮಣ್ಣು, ನೀರು, ಬೀಜ ಎಲ್ಲ ಆಮೇಲೆ. ಬಕ್‌ವೀಟ್ ಬೆಳೆಯೋದು ಈ ಮೂರರಲ್ಲಿ ಎಲ್ಲಕ್ಕಿಂತ ಸುಲಭ. ತಿನ್ನುವ ಹಾಗೆ ಮಾಡೋದು ಎಲ್ಲಕ್ಕಿಂತ ಕಷ್ಟ.

ಒಂದು ಕಾಳು ಅಂಗೈಯಲ್ಲಿ ಇಟ್ಟು ನೋಡಿ. ಹೆಚ್ಚುಕಡಿಮೆ ಉದ್ದಿನ ಕಾಳಿನಷ್ಟು ದೊಡ್ಡದು, ಕಂದುಗಪ್ಪು ಬಣ್ಣ, ಮೂರು ಅಂಚು. ಹೇಗೆ ಇಟ್ಟರೂ ಒಂದು ಅಂಚು ಮೇಲೆ ನಿಂತಿರುತ್ತದೆ. ಆ ಅಂಚುಗಳ ಒಳಗೆ ಅದೇ ಮೂರು ಮೂಲೆಯ ಆಕಾರದಲ್ಲಿ ತಿಳಿ ಹಸಿರು ಬಿಳುಪಿನ ತಿರುಳು. ಭತ್ತದ ಹಾಗೆ ಉಜ್ಜಿದರೆ ಸಿಪ್ಪೆ ಬಿಡಲ್ಲ. ಒನಕೆಯಲ್ಲಿ ಕುಟ್ಟಿದರೆ ತಿರುಳೇ ಪುಡಿಯಾಗುತ್ತದೆ, ಸಿಪ್ಪೆಯೂ ಚೂರಾಗಿ ಅದರೊಳಗೆ ಸೇರುತ್ತದೆ. ನಾನು ಮೊದಲ ಫಸಲನ್ನು ಅಕ್ಕಿ ಗಿರಣಿಗೆ ಒಯ್ದಿದ್ದೆ. ಅರ್ಧಕ್ಕರ್ಧ ನುಚ್ಚಾಗಿ ಹೊಟ್ಟಿನ ಜೊತೆ ಹೋಯಿತು. ಗಿರಣಿಯವರ ತಪ್ಪೇನಿಲ್ಲ, ಅದು ಭತ್ತಕ್ಕೆ ಮಾಡಿದ ಯಂತ್ರ.

ಕೊನೆಗೆ ಕೈ ಹಿಡಿದಿದ್ದು ಅಟ್ಟದ ಮೇಲೆ ಬಿದ್ದಿದ್ದ ಬೀಸುಕಲ್ಲು. ಮಾಡುವ ಕ್ರಮ ಹೀಗೆ. ಕಾಳನ್ನು ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಬೇಕು, ಸಿಪ್ಪೆ ಗರಿಗರಿ ಆಗಬೇಕು. ಆಮೇಲೆ ಜರಡಿ ಹಿಡಿದು ದೊಡ್ಡ ಕಾಳು, ಸಣ್ಣ ಕಾಳು ಬೇರೆ ಮಾಡಿಕೊಳ್ಳಿ. ಈ ಕೆಲಸ ಬಿಟ್ಟರೆ ಮುಂದಿನದು ಕೆಡುತ್ತದೆ. ಯಾಕೆಂದರೆ ಕಲ್ಲಿನ ಸಂದು ದೊಡ್ಡ ಕಾಳಿಗೆ ಸರಿಯಾಗಿದ್ದರೆ ಸಣ್ಣದು ಹಾಗೇ ಜಾರಿ ಬರುತ್ತದೆ, ಸಣ್ಣದಕ್ಕೆ ಸರಿಯಾಗಿದ್ದರೆ ದೊಡ್ಡದು ಹಿಟ್ಟಾಗುತ್ತದೆ. ಮೇಲಿನ ಕಲ್ಲು ಕೂರುವ ಗೂಟಕ್ಕೆ ಬಟ್ಟೆ ಸುತ್ತಿ ಕಲ್ಲನ್ನು ಒಂಚೂರು ಎತ್ತರಿಸಿ, ಸಂದು ಬಿಟ್ಟು, ನಿಧಾನಕ್ಕೆ ತಿರುಗಿಸಬೇಕು. ಅಂಚು ಒಡೆದು ಸಿಪ್ಪೆ ಬಾಯಿ ಬಿಡುತ್ತದೆ. ಗೆರಸಿಯಲ್ಲಿ ಕೇರಿದರೆ ಸಿಪ್ಪೆ ಹಗುರ, ಹಾರಿ ಹೋಗುತ್ತದೆ. ಒಡೆಯದೆ ಉಳಿದ ಕಾಳನ್ನು ಆರಿಸಿ ಮತ್ತೆ ಕಲ್ಲಿಗೆ. ಒಂದು ಕಿಲೋ ಕಾಳಿಗೆ ನನಗೂ ಆಯಿಗೂ ಸೇರಿ ಒಂದು ಮಧ್ಯಾಹ್ನ ಬೇಕಾಯಿತು. ಸಿಪ್ಪೆಯೇ ಕಾಲು ಭಾಗದಷ್ಟು ತೂಗುತ್ತದೆ, ನುಚ್ಚು ಹೋಗಿದ್ದೂ ಸೇರಿದರೆ ಕಿಲೋಗೆ ಮುಕ್ಕಾಲು ಕಿಲೋಕ್ಕಿಂತ ಕಡಿಮೆಯೇ ಕೈಗೆ ಸಿಗೋದು.

ಬೀಸುಕಲ್ಲು ಇಲ್ಲದವರು ಮಿಕ್ಸಿಯಲ್ಲಿ ಒಂದೊಂದು ಹಿಡಿ ಹಾಕಿ, ಎರಡು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಸಣ್ಣ ಜರಡಿಯಲ್ಲಿ ಹಿಟ್ಟು ಇಳಿಸಿಕೊಳ್ಳಬಹುದು. ದೋಸೆಗೆ, ರೊಟ್ಟಿಗೆ ಆಗುವಷ್ಟು ಕಪ್ಪು ಚುಕ್ಕೆಯ ಹಿಟ್ಟು ಸಿಗುತ್ತದೆ. ಇಡೀ ಕಾಳು ಬೇಕು ಅಂದರೆ ಈ ದಾರಿ ಆಗಲ್ಲ.

ರಾಗಿಗೆ ಇದ್ಯಾವುದೂ ಇಲ್ಲ. ತೆನೆ ಬಡಿದು, ಉಜ್ಜಿ, ಕೇರಿ, ತೊಳೆದು ಒಣಗಿಸಿದರೆ ಸೀದಾ ಗಿರಣಿಗೆ. ರಾಜಗಿರಿ ಇನ್ನೂ ಸಲೀಸು. ಒಣಗಿದ ತೆನೆಯನ್ನು ಪಂಚೆಯ ಮೇಲೆ ಅಂಗೈಯಲ್ಲಿ ಉಜ್ಜಿದರೆ ಸಣ್ಣ ಸಣ್ಣ ಕಾಳು ಉದುರುತ್ತದೆ, ಹೊಟ್ಟು ಊದಿದರೆ ಹೋಗುತ್ತದೆ, ಸಿಪ್ಪೆ ಬಿಡಿಸುವ ಮಾತೇ ಇಲ್ಲ. ಒಬ್ಬರೇ ಇರುವ ಮನೆ, ವಯಸ್ಸಾದವರು ಮಾತ್ರ ಇರುವ ಮನೆ ಆದರೆ ನಾನು ಬಕ್‌ವೀಟ್ ಕಾಳಿಗಾಗಿ ಹಾಕಿ ಅಂತ ಹೇಳೋದೇ ಇಲ್ಲ.

ಅಕ್ಕನಿಗೆ ಬೇಡ ಅಂದಿದ್ದು ಯಾಕೆ

ಬಕ್‌ವೀಟ್ ತಂಪಿನ ಬೆಳೆ. ಹಿಮಾಚಲ, ಉತ್ತರಾಖಂಡ, ನೇಪಾಳದ ಬೆಟ್ಟಗಳಲ್ಲಿ ತಲೆಮಾರುಗಳಿಂದ ಬೆಳೆದಿದ್ದು. ಹೂವು ಬರುವ ಸಮಯದಲ್ಲಿ ಬಿಸಿಲು 30 ಡಿಗ್ರಿ ದಾಟಿ, ಮೇಲೆ ಒಣ ಗಾಳಿ ಬೀಸಿದರೆ ಹೂವು ನಿಲ್ಲುತ್ತದೆ, ಕಾಳು ಕಟ್ಟಲ್ಲ. ಕಾರವಾರ, ಅಂಕೋಲೆ, ಕುಮಟಾದಲ್ಲಿ ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಬಿಸಿಲು 30ರ ಮೇಲೇ ಇರುತ್ತದೆ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಎಂಟು ಗಂಟೆವರೆಗೂ ಇಬ್ಬನಿ ಬಿಡಲ್ಲ, ರಾತ್ರಿ ಕಂಬಳಿ ಬೇಕು. ಬಕ್‌ವೀಟಿಗೆ ಬೇಕಾದ್ದು ಆ ರಾತ್ರಿ, ಆ ಬೆಳಗು.

ಎರಡು ವರ್ಷದ ಹಿಂದೆ ಅಕ್ಕನ ಮನೆಯ ಬಾವಿ ಪಕ್ಕ ಪರೀಕ್ಷೆಗೆ ಅಂತ ಒಂದು ಮಡಿ ಹಾಕಿದ್ದೆವು. ಗಿಡ ಚೆನ್ನಾಗಿಯೇ ಬಂತು. ಒಂದು ತಿಂಗಳಿಗೆ ಬಿಳಿ ಹೂವು ತುಂಬಿ, ನೋಡಿದವರೆಲ್ಲ ಏನಿದು ಅಂತ ಕೇಳುವ ಹಾಗೆ ಇತ್ತು. ಕೊಯ್ಲಿನ ಹೊತ್ತಿಗೆ ಹೋಗಿ ಒಂದೊಂದೇ ಕಾಳು ಉಗುರಿನ ನಡುವೆ ಹಿಡಿದು ಒತ್ತಿದೆ. ಚಟ್ ಅಂತ ಚಪ್ಪಟೆಯಾಯಿತು. ಮೂರಂಚಿನ ಸಿಪ್ಪೆ ಮಾತ್ರ, ಒಳಗೆ ಏನೂ ಇಲ್ಲ. ಹತ್ತು ಒತ್ತಿದರೆ ಎರಡೋ ಮೂರೋ ಗಟ್ಟಿ. ಅಕ್ಕ ಏನೂ ಮಾತಾಡಲಿಲ್ಲ, ಆ ಗಿಡಗಳನ್ನು ಕಿತ್ತು ತೆಂಗಿನ ಬುಡಕ್ಕೆ ಹಾಕಿದಳು. ನನಗೆ ತುಂಬ ಬೇಜಾರಾಯಿತು. ಅದಕ್ಕೇ ಮತ್ತೆ ಕೇಳಿದಾಗ ಬೇಡ ಅಂದಿದ್ದು.

ರಾಗಿ, ರಾಜಗಿರಿ ಎರಡೂ ಬಿಸಿಲನ್ನು ಉಂಡು ಬೆಳೆಯುವ ಜಾತಿ. ಬೆಳಕು, ಸೆಕೆ ಜಾಸ್ತಿ ಇದ್ದಷ್ಟೂ ಅವು ಚುರುಕು. ಕರಾವಳಿಯ ಮರಳು ಮಿಶ್ರಿತ ಮಣ್ಣಿಗೆ, ಆ ಬಿಸಿಲಿಗೆ ಅವೇ ಸರಿ.

ಇನ್ನು ಮಳೆಗಾಲ. ಘಟ್ಟದ ಮೇಲಾಗಲಿ ಕೆಳಗಾಗಲಿ, ಜೂನ್‌ನಲ್ಲಿ ಬಕ್‌ವೀಟ್ ಬಿತ್ತಬೇಡಿ. ನಾನು ಮೊದಲ ವರ್ಷ ಬಿತ್ತಿದ್ದೆ. ಆರೇ ದಿನಕ್ಕೆ ಮೊಳಕೆ ಎದ್ದು ಖುಷಿ ಕೊಟ್ಟಿತ್ತು. ಜುಲೈ ಮೊದಲ ವಾರ ಎಡೆಬಿಡದೆ ಸುರಿದ ಮಳೆಗೆ ಬುಡ ಕೊಳೆತು ಒಂದೂ ಉಳಿಯಲಿಲ್ಲ. ಬುಡದಲ್ಲಿ ನೀರು ನಿಂತರೆ ಈ ಗಿಡ ತಡೆಯಲ್ಲ.

ಬಕ್‌ವೀಟ್ ಹಾಕುವವರಿಗೆ: ದಿನ, ಜಾಗ, ಜೇನು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ನವೆಂಬರ್ ಎರಡನೇ ವಾರದ ಹೊತ್ತಿಗೆ ಬಿತ್ತಿ. ಬಿತ್ತಿದ ಒಂದು ತಿಂಗಳಿಗೆ ಹೂವು ಶುರು. ಹಾಗಾಗಿ ಹೂವು ಸರಿಯಾಗಿ ಚಳಿಯ ದಿನಗಳಿಗೆ ಸಿಗುತ್ತದೆ. ಎಪ್ಪತ್ತೈದರಿಂದ ತೊಂಬತ್ತು ದಿನಕ್ಕೆ ಕೊಯ್ಲು, ಅಂದರೆ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲು. ಡಿಸೆಂಬರ್‌ಗೆ ಮುಂದೂಡಿದರೆ ಕಾಳು ಕಟ್ಟುವಾಗ ಫೆಬ್ರವರಿಯ ಬಿಸಿಲು ಹಿಡಿಯುತ್ತದೆ.

ಒಂದು ಗುಂಟೆಗೆ ಅರ್ಧ ಕಿಲೋ ಬೀಜ ಸಾಕು. ಸಾಲಿಂದ ಸಾಲಿಗೆ ಒಂದು ಗೇಣು, ಆಳ ಒಂದು ಇಂಚು. ಬಿಸಿಲು ಬೀಳುವ ಜಾಗ ಬೇಕು, ಅಡಿಕೆ ಮರದ ನೆರಳಲ್ಲಿ ಆಗಲ್ಲ. ನಮ್ಮ ಕೆಂಪು ಹುಳಿ ಮಣ್ಣಿಗೆ ಅದು ಗೊಣಗಲ್ಲ. ಗೊಬ್ಬರ ಮಾತ್ರ ಕೈ ಹಿಡಿದು ಹಾಕಿ. ಪ್ರೀತಿ ಜಾಸ್ತಿಯಾಗಿ ಸಗಣಿ ಗೊಬ್ಬರ ಸುರಿದರೆ ಗಿಡ ಸೊಂಪಾಗಿ ಎದ್ದು, ಕಾಂಡ ಮೆತ್ತಗಾಗಿ, ಒಂದು ಗಾಳಿಗೆ ಮಲಗಿಬಿಡುತ್ತದೆ. ಒಂದು ಗುಂಟೆಗೆ ನಾನು ಎರಡು ಬುಟ್ಟಿ ಹಾಕ್ತೇನೆ, ಅಷ್ಟೇ. ಮಣ್ಣು ನೋಡಿಕೊಂಡು ನಾಲ್ಕೈದು ದಿನಕ್ಕೊಮ್ಮೆ ನೀರು. ಕಳೆ ಕೀಳುವ ಕೆಲಸ ಒಂದೇ ಸಲ. ಮೂರು ವಾರಕ್ಕೆ ಎಲೆ ಹರಡಿ ನೆಲ ಮುಚ್ಚುತ್ತದೆ, ಆಮೇಲೆ ಕಳೆಗೆ ಬೆಳಕೇ ಸಿಗಲ್ಲ.

ಜೇನಿನ ವಿಷಯಕ್ಕೆ ಬಂದರೆ ನಾನು ಬಕ್‌ವೀಟಿನ ಕಡೆಯೇ. ಈ ಗಿಡದಲ್ಲಿ ಎರಡು ಬಗೆಯ ಹೂವು ಇರುತ್ತದೆ. ಒಂದು ಗಿಡದಲ್ಲಿ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಉದ್ದ; ಪರಾಗ ಇರುವ ಕೇಸರ ಗಿಡ್ಡ. ಇನ್ನೊಂದು ಗಿಡದಲ್ಲಿ ಅದರ ತಿರುವುಮುರುವು. ಒಂದು ಬಗೆಯ ಹೂವಿನ ಪರಾಗ ಇನ್ನೊಂದು ಬಗೆಗೆ ತಲುಪಿದರೆ ಮಾತ್ರ ಕಾಳು. ಆ ಕೆಲಸಕ್ಕೆ ಹುಳು ಬೇಕೇ ಬೇಕು. ನಮ್ಮಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟ ಮನೆಗಳು ಸಾಕಷ್ಟಿವೆ, ಗೋಡೆ ಸಂದಿನಲ್ಲಿ ಮಿಸರಿ ಜೇನೂ ಇರುತ್ತದೆ. ಬೆಳಗ್ಗೆ ಒಂಬತ್ತು ಗಂಟೆಗೆ ಆ ಮಡಿಯ ಪಕ್ಕ ನಿಂತರೆ ಗುಂಯ್ ಅನ್ನೋ ಸದ್ದು ಕಿವಿ ತುಂಬುತ್ತದೆ. ಮಧ್ಯಾಹ್ನಕ್ಕೆ ಹೂವಿನ ಮಕರಂದ ನಿಲ್ಲುತ್ತದೆ, ಜೇನೂ ಹೋಗುತ್ತದೆ. ಪೆಟ್ಟಿಗೆ ಇಟ್ಟವರಿಗೆ ಈ ಬೆಳೆ ಕಾಳು ಕೊಡದಿದ್ದರೂ ನಷ್ಟ ಇಲ್ಲ. ರಾಗಿಗೂ ರಾಜಗಿರಿಗೂ ಜೇನಿನ ಹಂಗಿಲ್ಲ, ಜೇನಿಗೂ ಅವುಗಳಿಂದ ದೊಡ್ಡ ಪ್ರಯೋಜನ ಇಲ್ಲ.

ಕೊಯ್ಲಿಗೆ ಎಲ್ಲ ಕಾಳು ಹಣ್ಣಾಗಲಿ ಅಂತ ಕಾಯಬೇಡಿ. ಈ ಗಿಡ ಕೆಳಗೆ ಕಾಳು ಉದುರಿಸುತ್ತಾ ಮೇಲೆ ಹೂವು ಬಿಡುತ್ತಲೇ ಇರುತ್ತದೆ. ನಾಲ್ಕರಲ್ಲಿ ಮೂರು ಪಾಲು ಕಾಳು ಕಂದು ಬಣ್ಣಕ್ಕೆ ತಿರುಗಿದಾಗ, ಬೆಳಗ್ಗೆ ಇಬ್ಬನಿ ಇರುವಾಗಲೇ ಕೊಯ್ಯಬೇಕು. ಬಿಸಿಲೇರಿದ ಮೇಲೆ ಮುಟ್ಟಿದರೆ ಉದುರುತ್ತದೆ. ಕಟ್ಟು ಕಟ್ಟಿ ಅಂಗಳದಲ್ಲಿ ನಿಲ್ಲಿಸಿ ಒಂದು ವಾರ ಒಣಗಿಸಿ ಮೆಲ್ಲಗೆ ಬಡಿಯಿರಿ. ನಮ್ಮ ಒಂದು ಗುಂಟೆಯಲ್ಲಿ ಸಿಪ್ಪೆ ಸಮೇತ ನಾಲ್ಕು ಕಿಲೋ ಸಿಕ್ಕಿತು. ಅದೇ ಜಾಗದ ರಾಗಿ ಹತ್ತು ಕಿಲೋ ದಾಟಿತ್ತು.

ರಾಗಿ, ರಾಜಗಿರಿ

ರಾಗಿ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಅಂಕೋಲೆ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರ ಮನೆಗಳಲ್ಲಿ ರಾಗಿ ಅಂಬಲಿ ದಿನದ ಊಟ. ಕಾರವಾರದ ಕೊಂಕಣಿ ಮನೆಗಳಲ್ಲಿ ನಾಚ್ಣಿ ಅನ್ನೋದು ಇದನ್ನೇ. ಸಸಿ ಮಾಡಿ ಮೂರು ವಾರಕ್ಕೆ ನಾಟಿ ಮಾಡಿದರೆ ಒಂದು ಗುಂಟೆಗೆ 50 ಗ್ರಾಂ ಬೀಜ ಸಾಕು. ಮಳೆಗಾಲದಲ್ಲಿ ಹಾಕುವವರು ಇಳಿಜಾರು ಜಾಗ ಆರಿಸಿ, ನೀರು ಬಸಿದು ಹೋಗಬೇಕು. ಮೋಡ, ತೇವ ಜಾಸ್ತಿ ಇದ್ದರೆ ಕುತ್ತಿಗೆಗೆ ಬೆಂಕಿ ರೋಗ ಬರುತ್ತದೆ. ಬಾವಿಯಲ್ಲಿ ನೀರು ಇದ್ದವರು ಜನವರಿಯಲ್ಲಿ ನಾಟಿ ಮಾಡಿ ಬೇಸಿಗೆ ಬೆಳೆ ತೆಗೆದರೆ ರೋಗದ ಕಾಟ ಕಡಿಮೆ. ಹಕ್ಕಿಗೆ ಬಲೆ, ನವಿಲಿಗೆ ಕಾವಲು, ಇವೆರಡು ಮರೆಯಬೇಡಿ.

ರಾಜಗಿರಿಗೆ ಬೀಜ ಇನ್ನೂ ಕಡಿಮೆ, ಗುಂಟೆಗೆ 20 ಗ್ರಾಂ. ಎರಡು ಹಿಡಿ ಮರಳಿನ ಜೊತೆ ಬೆರೆಸಿ ಉದುರಿಸಿದರೆ ಸಮನಾಗಿ ಬೀಳುತ್ತದೆ. ನನಗೆ ಇದರಲ್ಲಿ ಇಷ್ಟ ಆಗೋದು, ಹದಿನೈದು ದಿನಕ್ಕೇ ಅಡುಗೆಮನೆಗೆ ಏನಾದರೂ ಬರೋದು. ಗಿಡ ಒತ್ತಾದ ಕಡೆ ಕಿತ್ತಿದ್ದೆಲ್ಲ ಹರಿವೆ ಸೊಪ್ಪಿನ ಹಾಗೇ ಪಲ್ಯಕ್ಕೆ, ಹುಳಿಗೆ. ಒಂದೂವರೆ ಅಡಿಗೆ ಒಂದು ಸಾಲು ಉಳಿಸಿಕೊಂಡು ಬೆಳೆಸಿದರೆ ಆಳೆತ್ತರ ಹೋಗಿ ಭಾರದ ತೆನೆ ಬಿಡುತ್ತದೆ. ಕರಾವಳಿಯ ಗಾಳಿಗೆ ಆನಿಕೆ ಕೊಡಬೇಕು. ಬೀಜ ಆರಿಸುವಾಗ ಒಂದು ಸೂಕ್ಷ್ಮ: ಸೊಪ್ಪಿನ ಹರಿವೆಯ ಬೀಜ ಕಪ್ಪಗೆ ಹೊಳೆಯುತ್ತದೆ, ಗಟ್ಟಿ. ಕಾಳಿಗೆ ಬೇಕಾದ್ದು ಕೆನೆ ಬಣ್ಣದ ಬೀಜ. ಹುರಿದಾಗ ಅರಳೋದು ಅದೇ.

ಅಡುಗೆಮನೆಯಲ್ಲಿ

ಬಕ್‌ವೀಟ್ ನಮ್ಮ ಅಡುಗೆಗೆ ಹೊಂದುತ್ತಾ ಅಂತ ನನಗೂ ಅನುಮಾನ ಇತ್ತು. ಜಪಾನಿನವರು ಸೋಬಾ ಶಾವಿಗೆ ಮಾಡ್ತಾರೆ, ಫ್ರಾನ್ಸಿನ ಬ್ರಿಟನಿಯಲ್ಲಿ ಇದರ ತೆಳು ದೋಸೆ ಮಾಡ್ತಾರೆ ಅಂತ ಓದಿದ ಮೇಲೆ ಧೈರ್ಯ ಬಂತು. ತೆಳು ದೋಸೆ ಅಂದರೆ ನಮಗೆ ತೆಳ್ಳೇವು ಅಲ್ವಾ.

ಒಂದು ಲೋಟ ದೋಸೆ ಅಕ್ಕಿ ಮೂರು ನಾಲ್ಕು ತಾಸು ನೆನೆಸಿ. ಅರ್ಧ ಲೋಟ ಸಿಪ್ಪೆ ತೆಗೆದ ಬಕ್‌ವೀಟ್ ಬೇರೆ ಪಾತ್ರೆಯಲ್ಲಿ ಒಂದೇ ತಾಸು ನೆನೆಸಿ, ಜಾಸ್ತಿ ಬೇಡ. ನೀರು ಬಸಿಯುವಾಗ ಲೋಳೆ ಲೋಳೆ ಬರುತ್ತದೆ, ಹೆದರಬೇಡಿ. ಅದು ಅದರ ಗುಣ. ಎರಡು ಸಲ ತೊಳೆದರೆ ಹೋಗುತ್ತದೆ. ಅಕ್ಕಿಯನ್ನು ಹೆಚ್ಚಿದ ಮಗೆಕಾಯಿ ಹಾಕಿ ನುಣ್ಣಗೆ ಬೀಸಿ, ಕೊನೆಗೆ ಬಕ್‌ವೀಟ್ ಹಾಕಿ ಒಂದು ಸುತ್ತು. ಉಪ್ಪು ಹಾಕಿ, ನೀರು ಸೇರಿಸಿ ತೆಳ್ಳಗೆ ಮಾಡಿಕೊಳ್ಳಿ. ಹುಳಿ ಬರಿಸೋದು ಬೇಡ, ಆಗಲೇ ಎರೆಯಬಹುದು. ಕಾವಲಿ ಚೆನ್ನಾಗಿ ಕಾದಿರಬೇಕು. ಬಣ್ಣ ಸ್ವಲ್ಪ ಬೂದು, ಅಂಚು ಗರಿಗರಿ, ನಡುವೆ ಮೆತ್ತಗೆ. ಜೋನಿ ಬೆಲ್ಲ, ತುಪ್ಪ ಹಾಕಿ ಕೊಟ್ಟೆ. ಆಯಿ ಮೊದಲನೆಯದು ತಿಂದು ಏನೂ ಹೇಳಲಿಲ್ಲ. ಎರಡನೆಯದಕ್ಕೆ ಬಾಳೆ ಮುಂದೆ ಮಾಡಿ, "ಚೊಲೋ ಇದ್ದು, ಇನ್ನೊಂದು ಹಾಕು" ಅಂದಳು. ಅವಳ ಬಾಯಿಂದ ಅಷ್ಟು ಬಂದರೆ ದೊಡ್ಡ ಮಾತು.

ಉಪ್ಪಿಟ್ಟಿಗೆ ಹಸಿ ಕಾಳು ಹಾಕಿದರೆ ಮುದ್ದೆಯಾಗುತ್ತದೆ. ತುಪ್ಪದಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು, ಒಂದಕ್ಕೆ ಎರಡು ನೀರು ಹಾಕಿ ಮುಚ್ಚಿ ಹದಿನೈದು ನಿಮಿಷ ಬೇಯಿಸಿ. ಹುರಿಯುವಾಗ ಶೇಂಗಾ ಹುರಿದಂತೆ ಘಮ ಬರುತ್ತದೆ. ರೊಟ್ಟಿ ಮಾಡುವವರಿಗೆ: ಇದರ ಹಿಟ್ಟಿನಲ್ಲಿ ಅಂಟು ಇಲ್ಲ, ಲಟ್ಟಿಸಲು ಬರಲ್ಲ. ಬೇಯಿಸಿದ ಆಲೂಗಡ್ಡೆ ಅಥವಾ ಅಕ್ಕಿ ಹಿಟ್ಟು ಸೇರಿಸಿ, ಬಿಸಿ ನೀರಲ್ಲಿ ನಾದಿ, ಬಾಳೆ ಎಲೆಯ ಮೇಲೆ ತಟ್ಟಿ. ಸೊಪ್ಪಿನಿಂದ ತಂಬುಳಿ ಚೆನ್ನಾಗಾಗುತ್ತದೆ. ಒಂದು ಹಿಡಿ ಎಳೆ ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ಬೀಸಿ, ಮಜ್ಜಿಗೆ ಸೇರಿಸಿ.

ರಾಗಿ ಅಂಬಲಿ, ರೊಟ್ಟಿ, ಮಣ್ಣಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಾಜಗಿರಿಯನ್ನು ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಚಮಚ ಹಾಕಿ ಮುಚ್ಚಿದರೆ ಕೆಲವೇ ಸೆಕೆಂಡಿಗೆ ಚಟಪಟ ಅಂತ ಅರಳುತ್ತದೆ. ಬೆಲ್ಲದ ಪಾಕಕ್ಕೆ ಹಾಕಿ ಉಂಡೆ ಕಟ್ಟಿದರೆ ಮಕ್ಕಳ ಡಬ್ಬಿಗೆ ಅದಕ್ಕಿಂತ ಒಳ್ಳೆಯದು ಇನ್ನಿಲ್ಲ.

ಪೌಷ್ಟಿಕತೆ ಕೇಳುವವರಿಗೆ ಒಂದು ಮಾತು. ಮೂಳೆಗೆ, ಸುಣ್ಣದಂಶಕ್ಕೆ ಅಂತಾದರೆ ರಾಗಿಯೇ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ರಾಜಗಿರಿಯಲ್ಲಿ ಅದರ ಅರ್ಧದಷ್ಟು, ಬಕ್‌ವೀಟಿನಲ್ಲಿ ತುಂಬ ಕಡಿಮೆ. ಪ್ರೋಟೀನ್ ಲೆಕ್ಕ ಉಲ್ಟಾ. ರಾಗಿಯಲ್ಲಿ 100 ಗ್ರಾಂಗೆ 7 ಗ್ರಾಂ, ಬಕ್‌ವೀಟ್, ರಾಜಗಿರಿ ಎರಡರಲ್ಲೂ 13ರ ಆಸುಪಾಸು. ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಈ ಎರಡರಲ್ಲಿ ಚೆನ್ನಾಗಿದೆ, ಹಾಗಾಗಿ ಅಕ್ಕಿ ಜೊತೆ ಬೆರೆಸಿ ತಿಂದರೆ ಲಾಭ. ಗೋಧಿಯ ಗ್ಲುಟೆನ್ ಮೂರರಲ್ಲೂ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿಸಿದರೆ ಅದು ಸೇರಿಯೇ ಸೇರುತ್ತದೆ. ಗ್ಲುಟೆನ್ ಆಗದ ಕಾಯಿಲೆ ಇರುವವರು ಮನೆಯಲ್ಲೇ ಬೀಸಿಕೊಳ್ಳಿ.

ಇಷ್ಟು ಎಚ್ಚರ ಇರಲಿ

ಬಕ್‌ವೀಟ್ ಕೆಲವರಿಗೆ ಅಲರ್ಜಿ ಆಗುತ್ತದೆ, ಜೋರಾಗಿಯೇ ಆಗಬಹುದು. ಮೊದಲ ಸಲ ಮಕ್ಕಳಿಗಾಗಲಿ ದೊಡ್ಡವರಿಗಾಗಲಿ ಒಂದು ತುಂಡು ಕೊಟ್ಟು ನೋಡಿ. ಸೊಪ್ಪು ಯಾವಾಗಲೋ ಒಮ್ಮೆ ಸರಿ, ದಿನಾ ಬೇಡ, ಹಸಿ ರಸ ಕುಡಿಯೋದಂತೂ ಬೇಡವೇ ಬೇಡ. ಎಲೆಯಲ್ಲಿ, ಹೂವಿನಲ್ಲಿ ಇರುವ ಒಂದು ಅಂಶ ಮೈ ಸೇರಿದ ಮೇಲೆ ಬಿಸಿಲಿಗೆ ಹೋದರೆ ಚರ್ಮ ಕೆಂಪಾಗಿ ಉರಿಯುತ್ತದೆ. ಕೊಟ್ಟಿಗೆ ಇದ್ದವರು ಇದನ್ನು ಗಟ್ಟಿಯಾಗಿ ನೆನಪಿಡಿ: ಹೂ ಬಿಟ್ಟ ಹಸಿ ಗಿಡವನ್ನು ರಾಶಿಗಟ್ಟಲೆ ಹಸುವಿಗೆ ಹಾಕಬೇಡಿ. ಬಿಳಿ ಚರ್ಮದ ದನಗಳಿಗೆ ಇದರಿಂದ ಮೈಯೆಲ್ಲ ಹುಣ್ಣಾಗುತ್ತದೆ.

ಹಿಟ್ಟು ಕೂಡ ಬಹಳ ದಿನ ಇಡುವಂಥದ್ದಲ್ಲ. ಅದರಲ್ಲಿ ಎಣ್ಣೆಯಂಶ ಇದೆ, ಕಮಟು ವಾಸನೆ ಬೇಗ ಬರುತ್ತದೆ. ನವರಾತ್ರಿಯ ಉಪವಾಸದಲ್ಲಿ ಹಳೆಯ ಕುಟ್ಟು ಹಿಟ್ಟು ತಿಂದು ಜನ ಆಸ್ಪತ್ರೆ ಸೇರಿದ ಸುದ್ದಿ ಉತ್ತರ ಭಾರತದಿಂದ ಆಗಾಗ ಬರುತ್ತಿರುತ್ತದೆ. ನಮ್ಮ ಮಳೆಗಾಲದ ತೇವದಲ್ಲಂತೂ ಹಿಟ್ಟು ಇಡಲೇಬೇಡಿ. ಕಾಳು ಇಟ್ಟುಕೊಂಡು ಬೇಕಾದಾಗ ಬೇಕಾದಷ್ಟೇ ಬೀಸಿ. ಅಂಗಡಿಯಿಂದ ತರುವವರೂ ಕಾಳನ್ನೇ ತನ್ನಿ. ಇದೇ ಕಾರಣಕ್ಕೆ ವರ್ಷಪೂರ್ತಿ ಡಬ್ಬದಲ್ಲಿ ಇಡುವ ಧಾನ್ಯ ಬೇಕು ಅಂದರೆ ನಾನು ರಾಗಿ ಅಂತಲೇ ಹೇಳೋದು. ಒಣಗಿಸಿ ಇಟ್ಟ ರಾಗಿಗೆ ಹುಳ ಹಿಡಿಯೋದೂ ಕಡಿಮೆ.

ಬೀಜ ತರುವಾಗ

ಬಿತ್ತಲು ಸಿಪ್ಪೆ ಇರುವ ಕಾಳೇ ಬೇಕು. ನಾನೊಮ್ಮೆ ಬೀಜ ಅಂತ ತರಿಸಿದ್ದು ಹುರಿದ ಕಾಳಾಗಿತ್ತು, ಬಿತ್ತಿ ಹದಿನೈದು ದಿನ ಕಾದೆ, ಒಂದೂ ಹುಟ್ಟಲಿಲ್ಲ. ಬಣ್ಣ ನೋಡಿದ್ದರೆ ಗೊತ್ತಾಗುತ್ತಿತ್ತು. ಈಗ ಏನೇ ತಂದರೂ ಇಪ್ಪತ್ತು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನಾಲ್ಕು ದಿನ ಬಿಟ್ಟು ಎಣಿಸ್ತೇನೆ. ಹದಿನೈದಕ್ಕಿಂತ ಕಡಿಮೆ ಮೊಳೆತರೆ ಬಿತ್ತಲ್ಲ.

ಬಕ್‌ವೀಟಿನಲ್ಲೇ ಎರಡು ಜಾತಿ ಇದೆ. ನಾನು ಇಲ್ಲಿಯವರೆಗೆ ಹೇಳಿದ್ದು ಸಿಹಿ ಜಾತಿ. ಇನ್ನೊಂದು ಹಿಮಾಚಲದವರು ಫಾಫ್ರಾ ಅನ್ನುವ ಕಹಿ ಜಾತಿ. ಅದರ ಹೂವು ಹಸಿರು, ಜೇನಿನ ಸಹಾಯ ಇಲ್ಲದೆ ತಾನೇ ಕಾಳು ಕಟ್ಟುತ್ತದೆ. ರುಟಿನ್ ಅನ್ನುವ ಅಂಶ ಅದರಲ್ಲಿ ಬಹಳ ಜಾಸ್ತಿ, ಅದಕ್ಕೇ ಆರೋಗ್ಯದ ಹೆಸರಲ್ಲಿ ಮಾರುತ್ತಾರೆ. ಹಾಗಲಕಾಯಿ ಇಷ್ಟ ಪಡುವ ಮನೆಯಾದರೂ ಹಿಟ್ಟು ಕಹಿಯಾದರೆ ಯಾರೂ ತಿನ್ನಲ್ಲ. ಸಿಹಿ ಜಾತಿಯಿಂದಲೇ ಶುರು ಮಾಡಿ.

ಆಚೆಮನೆ ಅತ್ತಿಗೆಯ ಮಡಿ ಈ ಜನವರಿಯಲ್ಲಿ ಚೆನ್ನಾಗಿ ಬಂತು. ಅವರ ಮನೆಯಲ್ಲಿ ಎರಡು ಜೇನು ಪೆಟ್ಟಿಗೆ ಇದೆ, ಬೀಸುಕಲ್ಲು ನಮ್ಮದೇ ಒಯ್ದರು. ಬಂದ ಸಿಪ್ಪೆಯನ್ನು ಎಸೆಯಲಿಲ್ಲ. ಜಪಾನಿನಲ್ಲಿ ಅದನ್ನು ದಿಂಬಿಗೆ ತುಂಬುತ್ತಾರೆ ಅಂತ ಹೇಳಿದ್ದೆ. ಒಂದು ದಿಂಬಿಗೆ ಸಾಲುವಷ್ಟು ಆಗಲಿಲ್ಲ, ಮುಂದಿನ ವರ್ಷದ್ದೂ ಸೇರಲಿ ಅಂತ ಚೀಲ ಕಟ್ಟಿ ಇಟ್ಟಿದ್ದಾರೆ.

ಅಕ್ಕ ರಾಜಗಿರಿ ಹಾಕಿದಳು. ತೆನೆ ಅವಳಿಗಿಂತ ಎತ್ತರ ಹೋಗಿತ್ತು, ನಡುವೆ ಮೂರು ತಿಂಗಳು ಸೊಪ್ಪು ಕೊಂಡಿದ್ದೇ ಇಲ್ಲವಂತೆ. ಆದರೂ ಆ ಬಿಳಿ ಹೂವು ಅವಳ ಕಣ್ಣಿಂದ ಹೋಗಿಲ್ಲ. ಈ ಸಲ ಬದನೆ ಸಾಲಿನ ಅಂಚಿಗೆ ಒಂದು ಹಿಡಿ ಬಕ್‌ವೀಟ್ ಚೆಲ್ಲುತ್ತೇನೆ, ಕಾಳು ಬೇಡ, ಜೇನು ಬಂದರೆ ಸಾಕು, ಹೂವು ಮುಗಿಯುವ ಮೊದಲೇ ಕೊಯ್ದು ಬುಡಕ್ಕೆ ಹಾಕುತ್ತೇನೆ ಅಂದಳು. ಅದಕ್ಕೆ ಬೇಡ ಅನ್ನಲಿಲ್ಲ. ನೂರು ಗ್ರಾಂ ಬೀಜ ಪೊಟ್ಟಣ ಕಟ್ಟಿ, ಕುಮಟಾಕ್ಕೆ ಇಳಿಯುವವರ ಕೈಯಲ್ಲಿ ಕಳಿಸಿಕೊಟ್ಟಿದ್ದೇನೆ.